ಕೈಯಿಂದ ಎರಡೇ, ಮಧ್ಯದಿಂದ ಮೂರೇ: ನಾನು ಒಮಾಹಾ ಆಡುವ ಬಗೆ

ಟೆಕ್ಸಾಸ್ ಹೋಲ್ಡೆಮ್, ಒಮಾಹಾ ಎರಡೂ ಪೋಕರ್ ಎಂಬ ಇಸ್ಪೀಟಾಟದ ಬಗೆಗಳು; ಐದೆಲೆಯ ಅತಿ ಬಲವಾದ ಗುಂಪು ಕಟ್ಟಿದವರು ಗೆಲ್ಲುತ್ತಾರೆ. ಹೋಲ್ಡೆಮ್‌ನಲ್ಲಿ ಪಳಗಿದವರು ಒಮಾಹಾಕ್ಕೆ ಬಂದ ಹೊಸದರಲ್ಲಿ ಸೋಲುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಮಧ್ಯದಲ್ಲಿ, ಅಂದರೆ ಎಲ್ಲರಿಗೂ ಸೇರಿದ ತೆರೆದ ಎಲೆಗಳಲ್ಲಿ, ನಾಲ್ಕು ಆಟೀನು ಬಿದ್ದಿರುತ್ತವೆ, ಕೈಯಲ್ಲಿ ಆಟೀನಿನ ಎಕ್ಕ ಇರುತ್ತದೆ, ಫ್ಲಶ್ (ಐದೂ ಎಲೆ ಆಟೀನಿನಂತಹ ಒಂದೇ ಬಣ್ಣದವು) ಆಯಿತೆಂದು ಇದ್ದಬದ್ದ ಚಿಪ್ಸ್ ಮುಂದೆ ತಳ್ಳುತ್ತಾರೆ. ಫ್ಲಶ್ ಆಗಿರುವುದೇ ಇಲ್ಲ. ಒಮಾಹಾದಲ್ಲಿ ಕೈಯಿಂದ ಎರಡೇ ಎಲೆ, ಮಧ್ಯದಿಂದ ಮೂರೇ ಎಲೆ. ಒಂದಕ್ಕೆ ನಾಲ್ಕು ಸೇರಿಸುವಂತಿಲ್ಲ. ಕೈಯಲ್ಲಿ ಇನ್ನೊಂದು ಆಟೀನು ಇಲ್ಲದಿದ್ದರೆ ಆ ಎಕ್ಕ ಬರೀ ಒಂಟಿ ಎಕ್ಕ.

ಬೇಕಾದದ್ದು ಜೋಕರ್ ತೆಗೆದ 52 ಎಲೆಯ ಒಂದು ಕಟ್ಟು. ಹತ್ತು ಜನರವರೆಗೂ ಹಂಚಬಹುದು, ಆದರೆ ಆರು ಜನ ಕೂತಾಗಲೇ ಆಟ ಚೆನ್ನಾಗಿ ಓಡುತ್ತದೆ. ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು 2025ರ ಆಗಸ್ಟ್‌ನ ಕೇಂದ್ರ ಕಾಯ್ದೆ ನಿಷೇಧಿಸಿದೆ. ನಾನಿಲ್ಲಿ ಹೇಳುತ್ತಿರುವುದು ಮನೆಯಲ್ಲಿ ಹಣವಿಲ್ಲದೆ ಆಡುವ ಆಟ. ಚಿಪ್ಸ್ ಇಲ್ಲದಿದ್ದರೆ ಹುಣಸೆ ಬೀಜಕ್ಕೆ 5, ಕವಡೆಗೆ 25, ಅಂಗಿಯ ಗುಂಡಿಗೆ 100 ಎಂದು ಬೆಲೆ ಕಟ್ಟಿ. ತಲಾ 20 ಬೀಜ, 12 ಕವಡೆ, 6 ಗುಂಡಿ ಕೊಟ್ಟರೆ ಸರಿಯಾಗಿ 1000. ಬ್ಲೈಂಡ್, ಅಂದರೆ ಎಲೆ ನೋಡುವ ಮೊದಲೇ ಇಬ್ಬರು ಕಡ್ಡಾಯವಾಗಿ ಇಡುವ ಮೊತ್ತ, 5 ಮತ್ತು 10.

ಎಲ್ಲರಿಗೂ ನಾಲ್ಕು ನಾಲ್ಕು ಎಲೆ ಮುಚ್ಚಿ ಹಂಚಿ, ಒಂದು ಸುತ್ತು ಬೆಟ್ ಮುಗಿಸಬೇಕು. ಮೇಲಿನ ಒಂದೆಲೆಯನ್ನು ತೋರಿಸದೆ ಪಕ್ಕಕ್ಕಿಟ್ಟು ಮೂರು ಎಲೆ ತೆರೆಯುವುದು ಫ್ಲಾಪ್. ಆಮೇಲೆ ಹೀಗೆಯೇ ಒಂದೊಂದು ಎಲೆ ಪಕ್ಕಕ್ಕಿಟ್ಟು ಟರ್ನ್, ರಿವರ್ ತೆರೆಯುತ್ತಾರೆ. ಪ್ರತಿ ಸಲವೂ ಒಂದು ಸುತ್ತು ಬೆಟ್. ಇಲ್ಲಿಯವರೆಗೆ ಹೋಲ್ಡೆಮ್ ಬಲ್ಲವರಿಗೆ ಹೊಸದೇನಿಲ್ಲ.

ಬೆಟ್‌ನ ಮಿತಿಯಲ್ಲಿ ಮಾತ್ರ ಜಗಳ ಹತ್ತುತ್ತದೆ. ಒಮಾಹಾವನ್ನು ಸಾಮಾನ್ಯವಾಗಿ ಪಾಟ್ ಲಿಮಿಟ್‌ನಲ್ಲಿ ಆಡುತ್ತಾರೆ, ಅಂದರೆ ಪಾಟ್‌ನಲ್ಲಿ (ಎಲ್ಲರೂ ಇಟ್ಟು ಸೇರಿದ ಒಟ್ಟು ಚಿಪ್ಸ್) ಇರುವಷ್ಟೇ ಏರಿಸಬಹುದು. ರೇಸ್ ಮಾಡುವಾಗ, ಅಂದರೆ ಎದುರಿನ ಬೆಟ್ಟನ್ನು ಏರಿಸುವಾಗ, ನಾನು ಲೆಕ್ಕ ಹಾಕುವುದು ಹೀಗೆ: ಎದುರಿನವರ ಬೆಟ್‌ನ ಮೂರರಷ್ಟು, ಅದಕ್ಕೆ ಆ ಬೆಟ್‌ಗೆ ಮೊದಲು ಪಾಟ್‌ನಲ್ಲಿದ್ದದ್ದು. ಪಾಟ್‌ನಲ್ಲಿ 100 ಇತ್ತು, ಒಬ್ಬರು 100 ಹಾಕಿದರು. ನಾನು ಹೆಚ್ಚೆಂದರೆ 400 ಇಡಬಹುದು. ಬ್ಲೈಂಡ್‌ಗಳ ಮೇಲೆ ಮೊದಲ ರೇಸ್ 10ರ ಮೂರರಷ್ಟು ಮತ್ತು 5, ಒಟ್ಟು 35.

ಆಡಬೇಕೋ ಬಿಡಬೇಕೋ ಎಂಬುದನ್ನು ಜೋಡಿ ಎಣಿಸಿ ನಿರ್ಧರಿಸುತ್ತೇನೆ. ನಾಲ್ಕು ಎಲೆಯಲ್ಲಿ ಎರಡೆರಡರ ಆರು ಜೋಡಿ ಸಿಗುತ್ತವೆ. ರಾಜ, ರಾಣಿ, ಗುಲಾಮ, ಜೊತೆಗೆ ಒಂದು 4 ಬಂತೆನ್ನಿ. ಆ 4 ಯಾವುದಕ್ಕೂ ಹೊಂದುವುದಿಲ್ಲ, ಆರರಲ್ಲಿ ಮೂರು ಜೋಡಿ ಸತ್ತಂತೆ. ಅದರ ಜಾಗದಲ್ಲಿ ಹತ್ತು ಇದ್ದು, ಎಲೆಗಳು ಎರಡೆರಡು ಒಂದೇ ಬಣ್ಣದವಾದರೆ ಆರೂ ಜೋಡಿ ದುಡಿಯುತ್ತವೆ. ಮೂರು ರಾಜ ಬಂದರೆ ಹಿಗ್ಗುವವರಿದ್ದಾರೆ. ಬಳಸಲು ಬರುವುದು ಎರಡೇ, ಮೂರನೆಯದು ನಮಗೆ ಬರಬೇಕಿದ್ದ ಎಲೆಯನ್ನು ನಾವೇ ಹಿಡಿದು ಕೂತ ಹಾಗೆ. ನಾಲ್ಕೂ ಒಂದೇ ಬಣ್ಣವಾದರೂ ಅಷ್ಟೇ. ಎರಡೇ ಹಿಡಿದಿದ್ದರೆ ಆ ಬಣ್ಣದ 11 ಎಲೆ ಹೊರಗಿರುತ್ತಿದ್ದವು, ಈಗ 9.

ಈ ಆಟದ ನಿಜವಾದ ಸೊಗಸಿರುವುದು ಸ್ಟ್ರೇಟ್‌ಗೆ, ಅಂದರೆ ಒಂದರ ಹಿಂದೊಂದು ಬರುವ ಐದು ಎಲೆಗೆ, ಕಾಯುವುದರಲ್ಲಿ. ಫ್ಲಾಪ್ ಬೇರೆ ಬೇರೆ ಬಣ್ಣದ 8, 7, 2. ನಿಮ್ಮ ಕೈಯಲ್ಲಿ 10, 9, 6, 5. ಹೊರಗಿರುವ ಗುಲಾಮ ನಾಲ್ಕು, 4ರ ಎಲೆ ನಾಲ್ಕು. 10, 9, 6, 5 ತಲಾ ಮೂರು. ಒಟ್ಟು 20 ಎಲೆ ಸ್ಟ್ರೇಟ್ ಕೊಡುತ್ತವೆ. ಕಾಣದ ಎಲೆಗಳು 45; ಟರ್ನ್, ರಿವರ್ ಎರಡೂ ನೋಡಿದರೆ ಸುಮಾರು 70 ಶೇಕಡಾ ಸಲ ಒಂದಾದರೂ ಬಂದೇ ಬರುತ್ತದೆ. ಆದರೆ ಇಪ್ಪತ್ತೂ ಒಂದೇ ತೂಕದವಲ್ಲ. ಟರ್ನ್‌ನಲ್ಲಿ 10 ಬಿದ್ದರೆ ಗುಲಾಮ-9 ಹಿಡಿದವರು, 9 ಬಿದ್ದರೆ ಗುಲಾಮ-10 ಹಿಡಿದವರು ನಿಮಗಿಂತ ಮೇಲೆ. ಕಣ್ಣುಮುಚ್ಚಿ ನಂಬಬಹುದಾದವು ಉಳಿದ 14. ಮೇಜಿನ ಸುತ್ತ ಪ್ರತಿಯೊಬ್ಬರ ಕೈಯಲ್ಲೂ ಆರು ಜೋಡಿ ಇರುವುದರಿಂದ ಎರಡನೇ ದರ್ಜೆಯ ಸ್ಟ್ರೇಟ್, ರಾಣಿಯ ಫ್ಲಶ್, ಚಿಕ್ಕ ಫುಲ್ ಹೌಸ್ (ಒಂದೇ ಅಂಕಿಯ ಮೂರು, ಇನ್ನೊಂದರ ಎರಡು ಎಲೆ) ಇವೇ ದುಬಾರಿಯಾಗುವುದು. ಹೋಲ್ಡೆಮ್‌ನಲ್ಲಿ ಇವುಗಳಿಂದ ಬದುಕಬಹುದು, ಇಲ್ಲಿ ಕಷ್ಟ.

ಅತಿ ದೊಡ್ಡ ಕೈ ಇದ್ದಾಗಲೂ ಒಂದು ಅಪಾಯವಿದೆ. ಫ್ಲಾಪ್ 9, 8, 7, ಅದರಲ್ಲಿ ಎರಡು ಆಟೀನು. ಇಬ್ಬರ ಬಳಿಯೂ ಗುಲಾಮ-10 ಇದೆ, ಎದುರಿನವರ ಬಳಿ ಜೊತೆಗೆ ಎರಡು ಆಟೀನೂ ಇವೆ. ನನಗೆ ಸಿಗುವುದು ಹೆಚ್ಚೆಂದರೆ ಅರ್ಧ ಪಾಟ್. ಇನ್ನೊಂದು ಆಟೀನು ಬಿದ್ದರೆ ಅದೂ ಇಲ್ಲ. ಹಾಗಾಗಿ ಸ್ಟ್ರೇಟ್‌ನ ಹಿಂದೆ ಇನ್ನೇನೂ ಬೆಳೆಯುವಂತಿಲ್ಲದಿದ್ದರೆ ನಾನು ರೇಸ್ ಮೇಲೆ ರೇಸ್ ಮಾಡುವುದಿಲ್ಲ.

ಕೊನೆಗೆ ಎಲೆ ತೋರಿಸುವಾಗ ನಾಲ್ಕನ್ನೂ ತೆರೆದಿಟ್ಟು, ಬಳಸುವ ಎರಡನ್ನು ಬೆರಳಲ್ಲಿ ಅರ್ಧ ಅಂಗುಲ ಮುಂದೆ ಜರುಗಿಸಿ, ಮಧ್ಯದ ಮೂರನ್ನು ಬಾಯಲ್ಲಿ ಹೇಳಿ. ಮಧ್ಯದಲ್ಲಿ ರಾಜ, ರಾಜ, 9, 9, 4 ಇದ್ದು, ಕೈಯಲ್ಲಿ ರಾಜ, 7, 6, 5 ಇದ್ದರೆ ಅನುಭವಿಗಳೂ ಫುಲ್ ಹೌಸ್ ಎಂದುಬಿಡುತ್ತಾರೆ. ರಾಜನ ಜೊತೆ 7 ಜರುಗಿಸಿ ನೋಡಿ: ಮೂರು ರಾಜ, ಒಂದು 9, ಒಂದು 7. ಫುಲ್ ಹೌಸ್ ಆಗಬೇಕಿದ್ದರೆ ಆ ರಾಜನ ಪಕ್ಕ ಕೈಯಲ್ಲೇ ಒಂದು 9 ಅಥವಾ 4 ಇರಬೇಕಿತ್ತು.