ಕಷಾಯ ಕುಡಿದರೆ ಸಾಲದು, ಮೈಗೆ ಹತ್ತಬೇಕು

ನಮ್ಮ ಕೊಪ್ಪಳದ ಕಡೆ ಕಷಾಯ ಕುಡಿಯುವವರಿಗೆ ಕೊರತೆಯಿಲ್ಲ. ಕುಡಿದದ್ದೆಲ್ಲ ಮೈಗೆ ಹತ್ತುತ್ತದೆಯೇ ಎಂಬುದು ಬೇರೆ ಮಾತು. ನೀರಿಗೆ ಇಳಿಯುವ ಸತ್ವವೋ, ಜಿಡ್ಡಿಗೆ ಇಳಿಯುವ ಸತ್ವವೋ ಎಂದು ನೋಡಿಕೊಂಡೇ ನಾನು ಒಲೆ ಹಚ್ಚುವುದು.

ಹೆಚ್ಚು ತಪ್ಪಾಗುವುದು ಅರಿಶಿನದಲ್ಲಿ. ಅದರ ಹಳದಿ ಸತ್ವವಾದ ಕರ್ಕ್ಯುಮಿನ್ ಪುಡಿಯಲ್ಲಿರುವುದು ಸುಮಾರು 3%. ನೀರಿನಲ್ಲಿ ಅದು ಕರಗುವುದಿಲ್ಲವೆಂದೇ ಹೇಳಬೇಕು. ಬಿಸಿನೀರಿಗೆ ಕಲಸಿ ಕುಡಿದರೆ ಬಹುಪಾಲು ಮಲದಲ್ಲಿ ಹೊರಬೀಳುತ್ತದೆ. ಜಿಡ್ಡು ಜೊತೆಗಿದ್ದರೆ ಪಿತ್ತರಸ ಆ ಜಿಡ್ಡನ್ನು ಸಣ್ಣ ಹನಿಗಳಾಗಿ ಒಡೆಯುತ್ತದೆ, ಕರ್ಕ್ಯುಮಿನ್ ಅದರಲ್ಲಿ ಸೇರಿಕೊಂಡು ಸಣ್ಣ ಕರುಳಿನ ಗೋಡೆ ಮುಟ್ಟುತ್ತದೆ. ಅಲ್ಲಿ ಇನ್ನೊಂದು ತಡೆ: ಕರುಳಿನ ಗೋಡೆಯೂ ಯಕೃತ್ತೂ ಅದಕ್ಕೆ ಗ್ಲುಕುರೋನಿಕ್ ಆಮ್ಲ ಅಂಟಿಸಿ ಹೊರಗೆ ಸಾಗಿಸಿಬಿಡುತ್ತವೆ. ಕರಿಮೆಣಸಿನ ಖಾರದ ಸತ್ವವಾದ ಪೈಪರಿನ್ ಈ ಅಂಟಿಸುವ ಕೆಲಸವನ್ನು ನಿಧಾನಗೊಳಿಸುತ್ತದೆ. 1998ರಲ್ಲಿ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜಿನವರು 2 ಗ್ರಾಂ ಕರ್ಕ್ಯುಮಿನ್ ಜೊತೆ 20 ಮಿಲಿಗ್ರಾಂ ಪೈಪರಿನ್ ಕೊಟ್ಟು ನೋಡಿದಾಗ ರಕ್ತಕ್ಕೆ ಸಿಗುವ ಪ್ರಮಾಣ 2000% ಏರಿತ್ತು. ಮಾರುವವರು ಕೂಗಿ ಹೇಳುವ ಅಂಕಿ ಇದೇ. ಆದರೆ ಅಷ್ಟು ಕರ್ಕ್ಯುಮಿನ್‌ಗೆ 60 ಗ್ರಾಂಗೂ ಮೀರಿ ಅರಿಶಿನ ಬೇಕು. ಒಂದು ಚಮಚಕ್ಕೆ ಆ ಲೆಕ್ಕ ಕೂಡುವುದಿಲ್ಲ.

ನನ್ನ ಅಳತೆ: ಗಟ್ಟಿ ಹಾಲು 150 ಮಿ.ಲೀ., ಅರಿಶಿನ 3 ಗ್ರಾಂ, ತುಪ್ಪ ಅರ್ಧ ಚಮಚ, ಮೆಣಸು 8 ಕಾಳು. ತುಪ್ಪದಲ್ಲಿ ಅರಿಶಿನವನ್ನು ಸಣ್ಣ ಉರಿಯಲ್ಲಿ ಅರ್ಧ ನಿಮಿಷ ಬಾಡಿಸಿ, ಹಾಲು ಹೊಯ್ದು 5 ನಿಮಿಷ ಕಾಯಿಸುತ್ತೇನೆ. ಮೆಣಸನ್ನು ಆಗಲೇ ಜಜ್ಜಿ ಹಾಕಬೇಕು. ಇಡೀ ಕಾಳು ನುಂಗಿದರೆ ಬಂದ ಹಾಗೇ ಹೋಗುತ್ತದೆ. ಹಾಲು ಕೆಂಪಗಾಯಿತೆಂದರೆ ಸೋಡಾ ತಗುಲಿದೆ ಎಂದರ್ಥ, ಅರಿಶಿನಕ್ಕೆ ಸುಣ್ಣ ಬಿದ್ದು ಕುಂಕುಮವಾಗುವ ಹಾಗೆ. ಕ್ಷಾರದಲ್ಲಿ ಕರ್ಕ್ಯುಮಿನ್ ಬೇಗ ಒಡೆಯುತ್ತದೆ, ಚೆಲ್ಲಿಬಿಡಿ. ಬೆಳಕಿಗೂ ಅದು ತಾಳುವುದಿಲ್ಲ. ರಾಯಚೂರಿನ ಬಿಸಿಲಿಗೆ ಕಿಟಕಿಯ ಗಾಜಿನ ಬಾಟಲಿ ಬೇಡ, ಮುಚ್ಚಳದ ಸ್ಟೀಲ್ ಡಬ್ಬಿ ಇರಲಿ.

ಮೆಣಸು ಅರಿಶಿನವೊಂದಕ್ಕೇ ಬಾಗಿಲು ತೆರೆಯುವುದಿಲ್ಲ. ಮೂರ್ಛೆರೋಗದ ಫೆನಿಟಾಯಿನ್, ರಕ್ತದೊತ್ತಡದ ಪ್ರೊಪ್ರನೊಲಾಲ್, ಉಬ್ಬಸದ ಥಿಯೋಫಿಲಿನ್ ಮಾತ್ರೆಗಳೂ ರಕ್ತದಲ್ಲಿ ಏರುತ್ತವೆ. ಈ ಮಾತ್ರೆಯವರಿಗೆ, ರಕ್ತ ತೆಳುವಾಗಿಸುವ ಔಷಧಿಯವರಿಗೆ, ಪಿತ್ತಕೋಶದಲ್ಲಿ ಕಲ್ಲಿರುವವರಿಗೆ ವೈದ್ಯರನ್ನು ಕೇಳದೆ ಇದನ್ನು ಕೊಡುವುದಿಲ್ಲ.

ಕಷಾಯಕ್ಕೆ ಒಣಬೇರು, ಕಾಂಡಗಳನ್ನು ತರಿತರಿಯಾಗಿ ಕುಟ್ಟಬೇಕು. ನುಣ್ಣಗಾದರೆ ತಳ ಹಿಡಿಯುತ್ತದೆ. 10 ಗ್ರಾಂಗೆ 160 ಮಿ.ಲೀ. ನೀರು, ತೆರೆದ ಪಾತ್ರೆ, ಸಣ್ಣ ಉರಿ, 40 ಮಿ.ಲೀ.ಗೆ ಇಳಿದರೆ ಸಾಕು. ತುಳಸಿಗೆ ಈ ಕ್ರಮ ಸಲ್ಲದು. ಘಮ ಆವಿಯೊಡನೆ ಹಾರಿಹೋಗುತ್ತದೆ. ಕುದಿನೀರು ಹೊಯ್ದು ಮುಚ್ಚಿ 10 ನಿಮಿಷ ಬಿಡಿ. ಅಳಲೆಕಾಯಿ, ನೆಲ್ಲಿಕಾಯಿಯನ್ನು ಕಬ್ಬಿಣದ ಬಾಣಲೆಯಲ್ಲಿ ಕುದಿಸಿದರೆ ಕಪ್ಪಗಾಗುತ್ತದೆ: ಅವುಗಳ ಒಗರು ಕಬ್ಬಿಣವನ್ನು ಹಿಡಿದುಕೊಳ್ಳುತ್ತದೆ. ಹೊಟ್ಟೆಯಲ್ಲೂ ಹಾಗೆಯೇ, ಆದ್ದರಿಂದ ಇವೆರಡೂ ಸೇರಿರುವ ತ್ರಿಫಲಾಕ್ಕೂ ಕಬ್ಬಿಣದ ಮಾತ್ರೆಗೂ 2 ತಾಸು ಅಂತರ.

ಮಲಬದ್ಧತೆಗೆ ಕೊಡುವ ಸೋನಾಮುಖಿಯದು ಉಲ್ಟಾ ದಾರಿ. ಅದರ ಸತ್ವವಾದ ಸೆನ್ನೊಸೈಡ್ ಸಣ್ಣ ಕರುಳಿನಲ್ಲಿ ಹೀರಲ್ಪಡದೆ ದೊಡ್ಡ ಕರುಳಿಗೆ ಇಳಿದು, ಅಲ್ಲಿನ ಬ್ಯಾಕ್ಟೀರಿಯಾ ಒಡೆದ ಮೇಲಷ್ಟೇ ಕೆಲಸ ಮಾಡುತ್ತದೆ. 6ರಿಂದ 12 ತಾಸು ಹಿಡಿಯುತ್ತದೆ. 2 ತಾಸಿಗೆ ಏನೂ ಆಗಲಿಲ್ಲವೆಂದು ಇನ್ನೊಂದು ಚಿಟಿಕೆ ನುಂಗಿದವರು ಬೆಳಗಿನ ಜಾವ ಹೊಟ್ಟೆ ಹಿಡಿದುಕೊಂಡು ಕೂರುತ್ತಾರೆ.