ಶಹಾಬಾದ್ ಕಲ್ಲಿನ ಮನೆಯಲ್ಲಿ ತತ್ವಪದ ರೆಕಾರ್ಡಿಂಗ್

ಕಲಬುರಗಿ ಕಡೆ ಮನೆಗಳ ನೆಲಕ್ಕೆ ಶಹಾಬಾದ್ ಕಲ್ಲು, ಎಷ್ಟೋ ಕಡೆ ಮಾಳಿಗೆಗೂ ಅದೇ. ದನಿ ಅದಕ್ಕೆ ಬಡಿದು ಮತ್ತೆ ಮೈಕ್ ಸೇರುತ್ತದೆ. ಒಮ್ಮೆ ಸೇರಿದ ಆ ಗುಂಯ್‌ಗುಟ್ಟುವಿಕೆಯನ್ನು ಯಾವ ಸಾಫ್ಟ್‌ವೇರೂ ಪೂರ್ತಿ ತೆಗೆಯದು. ಹಾಗಾಗಿ ದುಬಾರಿ ಮೈಕ್ ಆಮೇಲೆ ನೋಡಿ, ಮೊದಲು ಜಮಖಾನ ಹಾಸಿ, ಹಾಡುವವರ ಬೆನ್ನ ಹಿಂದೆ ಎರಡು ದಪ್ಪ ಕೌದಿ ಇಳಿಬಿಡಿ. ಕಾರ್ಡಿಯಾಯ್ಡ್ ಮೈಕ್ ಎದುರಿನ ದನಿಯನ್ನೇ ಹೆಚ್ಚು ಹಿಡಿಯುತ್ತದೆ. ಅದರ ಎದುರಿಗಿರುವುದು ಆ ಬೆನ್ನ ಹಿಂದಿನ ಗೋಡೆಯೇ. ಕೂಲರ್ ಬಂದ್ ಮಾಡಲೇಬೇಕು, ಬೇಸಿಗೆಯಾದರೆ ನಸುಕಿನಲ್ಲೇ ಮುಗಿಸಿ.

ಕಂಡೆನ್ಸರ್ ಮೈಕ್‌ಗೆ (ಸೂಕ್ಷ್ಮ ದನಿಯನ್ನೂ ಹಿಡಿಯುವ ಬಗೆಯ ಮೈಕ್) ಸಾಮಾನ್ಯವಾಗಿ 48 ವೋಲ್ಟ್ ಫ್ಯಾಂಟಮ್ ಪವರ್, ಅಂದರೆ ಮೈಕ್ ಕೇಬಲ್‌ನಲ್ಲೇ ಹರಿದು ಬರುವ ವಿದ್ಯುತ್, ಬೇಕು. ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ) ಕೇಬಲ್ ಸಿಕ್ಕಿಸಿ, ಸ್ಪೀಕರ್ ದನಿ ಇಳಿಸಿ, ಆಮೇಲೆ ಇಂಟರ್‌ಫೇಸ್‌ನ (ಮೈಕನ್ನು ಕಂಪ್ಯೂಟರ್‌ಗೆ ಜೋಡಿಸುವ ಪೆಟ್ಟಿಗೆ) ಫ್ಯಾಂಟಮ್ ಪವರ್ ಗುಂಡಿ ಒತ್ತಿ. ಬಾಯಿಗೂ ಮೈಕ್‌ಗೂ 15–20 ಸೆಂ.ಮೀ. ಅಂತರ, ನಡುವೆ ಪಾಪ್ ಫಿಲ್ಟರ್ (ಉಸಿರಿನ ರಭಸ ತಡೆಯುವ ಜಾಲರಿ). ಅದಿಲ್ಲದಿದ್ದರೆ ‘ಪ’, ‘ಭ’ ಬಂದಲ್ಲೆಲ್ಲ ಉಸಿರು ಮೈಕ್‌ಗೆ ಬಡಿದು ಧಪ್ ಎನ್ನುತ್ತದೆ.

ಗೇನ್ (ಮೈಕ್‌ನ ದನಿಯನ್ನು ಎಷ್ಟು ಹಿಗ್ಗಿಸಬೇಕೆಂಬ ಮಟ್ಟ) ಹೊಂದಿಸುವಾಗ ಮೆಲ್ಲಗೆ ಹಾಡಿಸಬೇಡಿ. ಏರುದನಿಯ ಸಾಲನ್ನೇ ಹಾಡಿಸಿ, ದನಿಮಟ್ಟ ತೋರುವ ಮೀಟರ್ ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲಲಿ. ಸೊನ್ನೆಗೆ ಮುಟ್ಟಿದರೆ ದನಿಯಲೆಯ ತುದಿ ಕತ್ತರಿಸಿ ಹೋಗಿ ಒಡಕು ಕೇಳುತ್ತದೆ. ರೆಕಾರ್ಡಿಂಗ್ ಸೆಟ್ಟಿಂಗ್‌ನಲ್ಲಿ 24 ಬಿಟ್ ಆರಿಸಿ ಮುದ್ರಿಸಿದರೆ ದನಿ ತುಸು ಕಡಿಮೆಯಾದರೂ ಆಮೇಲೆ ಏರಿಸಬಹುದು. ತಾಳ ಹಾಕುವವರನ್ನು ಮೈಕ್‌ನ ಹಿಂಬದಿಗೆ, ಎರಡು ಮೀಟರ್ ದೂರ ಕೂರಿಸಿ. ಕಂಚಿನ ತಾಳದ ಕಿಣಿಕಿಣಿ ಏಕತಾರಿಯನ್ನು ನುಂಗಿಬಿಡುತ್ತದೆ.