ಫ್ಯಾನ್ ಇಲ್ಲದ ಪುಟ್ಟ ಕಂಪ್ಯೂಟರ್, ನಮ್ಮ ಮಲೆನಾಡಿನ ಮನೆಗೆ

ತೀರ್ಥಹಳ್ಳಿ ಕಡೆ ನಮ್ಮ ಮನೆ. ಅಂಗಳದ ಆಚೆಗೇ ಅಡಿಕೆ ಸುಲಿಯುವ ಯಂತ್ರ. ಸುಗ್ಗಿ ಮುಗಿದ ಮೇಲೆ ಹಳೇ ಟವರ್ ಕಂಪ್ಯೂಟರಿನ ಮುಚ್ಚಳ ಬಿಚ್ಚಿದರೆ, ಪ್ರೊಸೆಸರ್ ಮೇಲಿನ ಫ್ಯಾನಿನ ರೆಕ್ಕೆಗಳಿಗೆ ಸಿಪ್ಪೆಯ ನಾರೂ ಧೂಳೂ ಸೇರಿ ಕಂಬಳಿ ಹೊದಿಸಿದ ಹಾಗೆ ಮೆತ್ತಿಕೊಂಡಿರುತ್ತಿತ್ತು. ಅದು ಒಣ ಧೂಳಾದರೆ ಊದಿ ತೆಗೆಯಬಹುದು. ಆದರೆ ಮಳೆಗಾಲದ ಥಂಡಿ ಸೇರಿದರೆ ಕೆಸರಾಗಿ ಕೂರುತ್ತದೆ, ಆಮೇಲೆ ಫ್ಯಾನ್ ಕಿರುಗುಟ್ಟುವುದಕ್ಕೆ ಶುರು. ಹಾಗಾಗಿ ಹೊಸದು ಕೊಳ್ಳುವಾಗ ಫ್ಯಾನ್ ಬೇಡವೇ ಬೇಡ ಅಂತ ತೀರ್ಮಾನ ಮಾಡಿದೆ.

ನಾನು ಬಳಸುವುದು ವಿಂಡೋಸ್ ಅಲ್ಲ, ಲಿನಕ್ಸ್ ಎಂಬ ಉಚಿತ ಆಪರೇಟಿಂಗ್ ಸಿಸ್ಟಂ. ನನ್ನ ಕೆಲಸ ಇಷ್ಟೇ. ಲಿಬ್ರೆಆಫೀಸಿನಲ್ಲಿ ಲೆಕ್ಕಪತ್ರ, ಕನ್ನಡ ಟೈಪಿಂಗ್, ಫೈರ್‌ಫಾಕ್ಸಿನಲ್ಲಿ ಒಂದಷ್ಟು ಟ್ಯಾಬ್, ಆಗಾಗ ವಿಡಿಯೊ ಕಾಲ್. ಇದಕ್ಕೆ ಇಂಟೆಲ್ ಎನ್100 ಧಾರಾಳ ಸಾಕು. 2023ರ ಶುರುವಿನಲ್ಲಿ ಬಂದ ಪ್ರೊಸೆಸರ್ ಇದು, 4 ಕೋರ್, 6 ವ್ಯಾಟ್. ಎವಿ1 ಎಂಬ ಹೊಸ ಬಗೆಯ ವಿಡಿಯೊವನ್ನೂ ಹಾರ್ಡ್‌ವೇರಿನಲ್ಲೇ ಬಿಡಿಸುತ್ತದೆ, ಅಂದರೆ ವಿಡಿಯೊ ನೋಡುವಾಗ ಪೆಟ್ಟಿಗೆ ಸುಮ್ನೆ ಬಿಸಿಯಾಗಲ್ಲ. ರಾಸ್ಪ್‌ಬೆರಿ ಪೈ 5 ಎಂಬ ಅಂಗೈಯಗಲದ ಕಂಪ್ಯೂಟರನ್ನೂ ನೋಡಿದ್ದೆ. ಅದರಲ್ಲಿ ಎಚ್.264 ಎಂಬ ಸಾಮಾನ್ಯ ಬಗೆಯ ವಿಡಿಯೊಗೆ ಹಾರ್ಡ್‌ವೇರ್ ನೆರವು ಇಲ್ಲ. ಜೊತೆಗೆ ಎಷ್ಟೋ ಪ್ರಿಂಟರ್ ಕಂಪನಿಗಳು ಲಿನಕ್ಸ್ ಡ್ರೈವರ್ ಕೊಟ್ಟರೂ ಇಂಟೆಲ್, ಎಎಂಡಿ ಯಂತ್ರಗಳಿಗೆ ಮಾತ್ರ ಕೊಡುತ್ತವೆ, ಪೈಯ ಪ್ರೊಸೆಸರ್ ಬೇರೆ ಜಾತಿಯದು. ಮನೆಯಲ್ಲಿ ಪ್ರಿಂಟರ್ ಇರೋರಿಗೆ ಇದು ಸಣ್ಣ ವಿಷಯ ಅಲ್ಲ.

ಎನ್100ಕ್ಕೆ ಮೆಮೊರಿ (ರ‍್ಯಾಮ್) ಒಂದೇ ಚಾನೆಲ್, ಅಂದರೆ ಪ್ರೊಸೆಸರಿಗೂ ಮೆಮೊರಿಗೂ ನಡುವೆ ಒಂದೇ ದಾರಿ. ಇಂಟೆಲ್ ಲೆಕ್ಕದಲ್ಲಿ 16 ಜಿಬಿವರೆಗೆ. ಕೆಲವು ಪೆಟ್ಟಿಗೆಗಳಲ್ಲಿ ರ‍್ಯಾಮ್ ಬೋರ್ಡಿಗೇ ಬೆಸೆದಿರುತ್ತಾರೆ, ಮುಂದೆ ಬದಲಾಯಿಸೋಕೆ ಆಗಲ್ಲ. ಸ್ಲಾಟ್ ಇರುವುದನ್ನೇ ಕೇಳಿ, ಕೈಲಾದರೆ ಒಂದೇ ಸಲ 16 ಹಾಕಿಸಿ.

ಆದರೆ ನನ್ನ ಪ್ರಕಾರ ಪ್ರೊಸೆಸರಿಗಿಂತ ಜಾಸ್ತಿ ತಲೆ ಕೆಡಿಸಿಕೊಳ್ಳಬೇಕಾದ್ದು ಪೆಟ್ಟಿಗೆಯ ಬಗ್ಗೆ. ಫ್ಯಾನ್ ಇಲ್ಲ ಅಂದರೆ ಬಿಸಿ ಹೊರಗೆ ಹೋಗುವ ದಾರಿ ಒಂದೇ, ಹೊರಗಿನ ಲೋಹದ ಮೈ. ಒಳಗೆ ಪ್ರೊಸೆಸರಿಗೂ ಅಲ್ಯೂಮಿನಿಯಂ ಕವಚಕ್ಕೂ ನೇರ ಸಂಪರ್ಕ ಇರಬೇಕು. ಪ್ಲಾಸ್ಟಿಕ್ ಡಬ್ಬಿ, ಒಳಗೊಂದು ಚಿಕ್ಕ ಹೀಟ್‌ಸಿಂಕ್, ಸುತ್ತ ತೂತು, ಇಂಥವೂ ಫ್ಯಾನ್ ಇಲ್ಲದ್ದು ಅಂತಲೇ ಮಾರಾಟ ಆಗುತ್ತವೆ. ಆ ತೂತುಗಳಲ್ಲಿ ನಮ್ಮ ಕಡೆ ಮೊದಲು ಹೋಗೋದು ಇರುವೆ, ಆಮೇಲೆ ಹಲ್ಲಿ. ನಾನು ತೂತೇ ಇಲ್ಲದ, ಮೇಲೆ ಏಣುಏಣಾದ ಅಲ್ಯೂಮಿನಿಯಂ ಕವಚ ಇರುವುದನ್ನು ತೆಗೆದುಕೊಂಡೆ. ಕೈಯಲ್ಲಿ ಎತ್ತಿದರೆ ಗಾತ್ರಕ್ಕೆ ಮೀರಿದ ತೂಕ ಇರಬೇಕು. ಆ ತೂಕವೇ ಬಿಸಿ ಹೀರುವ ಲೋಹ.

ಕೊಳ್ಳುವ ಮುಂಚೆ ಶಿವಮೊಗ್ಗದ ಅಂಗಡಿಗೆ ಲಿನಕ್ಸ್ ಮಿಂಟ್ 22 ಹಾಕಿದ ಪೆನ್‌ಡ್ರೈವ್ ಒಯ್ದಿದ್ದೆ. "ಇದರಿಂದ ಒಂದ್ಸಲ ಬೂಟ್ ಮಾಡಿ ನೋಡ್ಲಾ ಸಾರ್?" ಅಂದೆ. ಅಂಗಡಿಯವರು "ಓಹೋ, ನೋಡಿ ಸಾರ್, ಅದಕ್ಕೇನಂತೆ" ಅಂತ ಮಾನಿಟರ್ ಕೂಡ ಕೊಟ್ಟರು. ವೈಫೈ, ಬ್ಲೂಟೂತ್, ಎಚ್‌ಡಿಎಂಐನಲ್ಲಿ ಸದ್ದು, ಸಸ್ಪೆಂಡ್ ಆಗಿ ಮತ್ತೆ ಏಳುತ್ತದಾ, ಎಲ್ಲ ಅಲ್ಲೇ ನೋಡಿದೆ. ಒಂದು ಮಾತು, ಎನ್100ಕ್ಕೆ ಹಳೇ ಕರ್ನಲ್ (ಲಿನಕ್ಸಿನ ತಿರುಳು) ಹಾಕಲು ಹೋಗಬೇಡಿ. ಮಿಂಟ್ 22ರಲ್ಲಿ 6.8 ಇದೆ, ಡೆಬಿಯನ್ 12 ಎಂಬ ಇನ್ನೊಂದು ಲಿನಕ್ಸಿನಲ್ಲಿ 6.1 ಇದೆ. ಎರಡೂ ಆಗುತ್ತದೆ.

ಈಗ ಬಿಸಿಯ ವಿಷಯ, ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. ಫ್ಯಾನ್ ಇಲ್ಲದ ಯಂತ್ರದ ಬಿಸಿ ಕೋಣೆಯ ಬಿಸಿಯ ಮೇಲೆ ಕೂರುತ್ತದೆ. ಜುಲೈ ಮಳೆಯಲ್ಲಿ ಕೋಣೆ 22 ಡಿಗ್ರಿ ಇದ್ದಾಗ ಪರೀಕ್ಷೆ ಮಾಡಿ ಚೆನ್ನಾಗಿದೆ ಅಂದರೆ ಏಪ್ರಿಲ್ ಮಧ್ಯಾಹ್ನಕ್ಕೆ ಅದು ಏನೂ ಹೇಳಲ್ಲ, ಆಗ ಕೋಣೆಯೇ 35 ದಾಟಿರುತ್ತದೆ, ಕೋಣೆ ಎಷ್ಟು ಡಿಗ್ರಿ ಏರಿತೋ ಒಳಗಿನ ಅಂಕಿಗೂ ಹೆಚ್ಚುಕಮ್ಮಿ ಅಷ್ಟೇ ಕೂಡಿಸಬೇಕು. ನಾನು ಬೇಸಿಗೆಯ ಮಧ್ಯಾಹ್ನವೇ ಪರದೆಯ ಒಂದು ಕಿಟಕಿಯಲ್ಲಿ ಪ್ರೊಸೆಸರನ್ನು ಪೂರ್ತಿ ದುಡಿಸುವ ಸ್ಟ್ರೆಸ್-ಎನ್‌ಜಿ ಓಡಿಸಿ, ಇನ್ನೊಂದರಲ್ಲಿ ಬಿಸಿ ತೋರಿಸುವ ಸೆನ್ಸರ್ಸ್ ಕಮಾಂಡ್ ತೆರೆದಿಟ್ಟುಕೊಂಡು ಕೂತೆ. ಪ್ರೊಸೆಸರ್ 90 ದಾಟಿತು. ಕವಚದ ಮೇಲೆ ಬೆರಳು ಇಟ್ಟುಕೊಂಡಿರಲು ಆಗಲಿಲ್ಲ.

ಆಗ ಬಯಾಸ್ (ಯಂತ್ರ ಹೊತ್ತಿಕೊಳ್ಳುವಾಗ ತೆರೆಯುವ ಮೂಲ ಸೆಟ್ಟಿಂಗ್) ಒಳಗೆ ಪಿಎಲ್1 ಎಂಬ ಅಂಕಿ ನೋಡಿದೆ. ಪ್ರೊಸೆಸರ್ ಬಹಳ ಹೊತ್ತು ದುಡಿಯುವಾಗ ಎಷ್ಟು ವ್ಯಾಟ್ ತಿನ್ನಬಹುದು ಅನ್ನುವ ಮಿತಿ ಅದು. ಇಂಟೆಲ್ ಲೆಕ್ಕ 6 ಆದರೂ, ಪೆಟ್ಟಿಗೆ ಮಾಡುವವರು ವೇಗ ತೋರಿಸಲು ಅದನ್ನ ಎರಡು ಪಟ್ಟಿಗೂ ಮೇಲೆ ಇಟ್ಟಿರುವುದುಂಟು. 10ಕ್ಕೆ ಇಳಿಸಿದೆ. ಅದೇ ಪರೀಕ್ಷೆಯಲ್ಲಿ 80ರ ಒಳಗೇ ನಿಂತಿತು, ಲಿಬ್ರೆಆಫೀಸು ತೆರೆಯುವುದರಲ್ಲಾಗಲಿ ಟ್ಯಾಬ್ ಬದಲಾಯಿಸುವುದರಲ್ಲಾಗಲಿ ನನಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ಎಸ್‌ಎಸ್‌ಡಿಯ ಬಿಸಿಯನ್ನೂ ನೋಡಿ, ಕಡತಗಳು ಕೂರುವ ಜಾಗ ಅದು. ಎನ್‌ವಿಎಂಇ ಎಂಬ ಬಗೆಯದಾದರೆ ಸೆನ್ಸರ್ಸ್‌ನಲ್ಲಿ ಕಾಂಪೋಸಿಟ್ ಅನ್ನುವ ಸಾಲಿನಲ್ಲಿ ಬರುತ್ತದೆ. ಅದೂ ಇದೇ ಮುಚ್ಚಿದ ಡಬ್ಬಿಯಲ್ಲಿ ಬೇಯುತ್ತಿರುತ್ತದೆ ಅಲ್ವಾ?

ಕರೆಂಟಿನ ವಿಷಯದಲ್ಲಿ ಇದರಷ್ಟು ನೆಮ್ಮದಿ ಕೊಟ್ಟ ಯಂತ್ರ ನಾನು ಕಂಡಿಲ್ಲ. ಸುಮ್ಮನೆ ಇದ್ದಾಗ ಗೋಡೆಯಲ್ಲಿ ಅಳೆದರೆ 8 ವ್ಯಾಟ್ ಆಸುಪಾಸು. ಇನ್ವರ್ಟರಿಗೆ ಇದು ಲೆಕ್ಕಕ್ಕೇ ಇಲ್ಲ, ಮಾನಿಟರೇ ಇದಕ್ಕಿಂತ ಜಾಸ್ತಿ ಎಳೆಯುತ್ತದೆ. ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಬರೆದಿದೆಯಾ ನೋಡಿಕೊಳ್ಳಿ. ಸಂಜೆ ಪಂಪ್‌ಸೆಟ್ ಶುರುವಾಗಿ ವೋಲ್ಟೇಜ್ ಬಿದ್ದರೂ ಇದು ನಡೆಯುತ್ತದೆ. ಬಯಾಸಿನಲ್ಲಿ ಕರೆಂಟ್ ಬಂದ ಕೂಡಲೇ ತಾನೇ ಹೊತ್ತಿಕೊಳ್ಳುವ ಆಯ್ಕೆಯೂ ಇದೆ. ಅಡಾಪ್ಟರ್ 12 ವೋಲ್ಟ್ ಕೊಡುವುದು ನೋಡಿ ಕೆಲವರು ಇನ್ವರ್ಟರ್ ಬ್ಯಾಟರಿಗೆ ನೇರ ಸಿಕ್ಕಿಸಲು ಹೊರಡುತ್ತಾರೆ. ದಯವಿಟ್ಟು ಬೇಡ. ಚಾರ್ಜ್ ಆಗುವಾಗ ಬ್ಯಾಟರಿ 14 ವೋಲ್ಟ್ ದಾಟುತ್ತದೆ. ಮಧ್ಯೆ 12 ವೋಲ್ಟಿಗೆ ಕಟ್ಟಿಹಾಕುವ ಡಿಸಿ ಕನ್ವರ್ಟರ್ ಬೇಕೇ ಬೇಕು. ಗುಡುಗು ಶುರುವಾದರೆ ಅಡಾಪ್ಟರ್ ಜೊತೆ ನೆಟ್‌ವರ್ಕ್ ಕೇಬಲನ್ನೂ ಕಿತ್ತಿಡಿ, ಸಿಡಿಲು ಆ ದಾರಿಯಲ್ಲೂ ಬರುತ್ತದೆ.

ಮಳೆಗಾಲದಲ್ಲಿ ಇದನ್ನ ಹಗಲೆಲ್ಲ ಆನ್ ಇಟ್ಟಿರುತ್ತೇನೆ. ಮೈ ಉಗುರುಬೆಚ್ಚಗೆ ಇದ್ದರೆ ಒಳಗೆ ನೀರು ಕೂರಲ್ಲ. ಬಳಸದ ಯುಎಸ್‌ಬಿ ಪೋರ್ಟುಗಳಿಗೆ ರಬ್ಬರ್ ಬಿರಡೆ ಹಾಕಿದ್ದೇನೆ, ತುಕ್ಕು ಹಿಡಿಯುವುದು ಮೊದಲು ಅಲ್ಲೇ. ಗೋಡೆಗೆ ಒತ್ತಿ ಇಡಬೇಡಿ, ಮೇಲೆ ಪುಸ್ತಕ ಪೇರಿಸಬೇಡಿ.

ಕನ್ನಡಕ್ಕೆ ಏನೂ ಕಷ್ಟ ಇಲ್ಲ. ಕೀಬೋರ್ಡ್ ಸೆಟ್ಟಿಂಗಿನಲ್ಲೇ ಕಗಪ ವಿನ್ಯಾಸ ಸಿಗುತ್ತದೆ, ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ರೂಢಿ ಇರುವವರ ಬೆರಳಿಗೆ ಅದು ಹೊಸದಲ್ಲ.

ವಿಡಿಯೊ ಎಡಿಟಿಂಗ್ ಮಾಡುವವರಿಗೆ, ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುತ್ತಾ ಗಂಟೆಗಟ್ಟಲೆ ಓಡಿಸುವವರಿಗೆ ಮಾತ್ರ ಇದನ್ನ ಕೊಳ್ಳಿ ಅಂತ ಹೇಳಲ್ಲ. ಅವರು ಫ್ಯಾನ್ ಇರುವುದನ್ನೇ ತಗೊಂಡು ಸುಗ್ಗಿ ಮುಗಿದ ಮೇಲೆ ಒಂದು ಸಲ ಬಿಚ್ಚಿ ಬ್ರಷ್ ಆಡಿಸಲಿ.